ಕ್ಯಾತ್ಸಂದ್ರಕ್ಕೆ ಬಂದ ಸೈಕಲ್ ಭಾಷೆ

ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳ ಸುತ್ತಮುತ್ತ ಎರಡು ಜಾತಿಯ ಸೈಕಲ್ಲುಗಳು ಕಾಣಸಿಗುತ್ತವೆ. ಒಂದು, ಕ್ಯಾರಿಯರಿಗೆ ಹಾಲಿನ ಕ್ಯಾನನ್ನೋ ಹುಲ್ಲಿನ ಹೊರೆಯನ್ನೋ ಬಿಗಿದುಕೊಂಡು ಸ್ಟ್ಯಾಂಡು ಹಾಕಿ ನಿಂತ ಕಪ್ಪು ಸೈಕಲ್ಲು. ಇನ್ನೊಂದಕ್ಕೆ ಸ್ಟ್ಯಾಂಡೂ ಇಲ್ಲ, ಮಡ್‌ಗಾರ್ಡೂ ಇಲ್ಲ, ಬೆಲ್ಲಂತೂ ಇಲ್ಲವೇ ಇಲ್ಲ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಬೆರಳಗಲದ ಟೈರು. ಗೋಡೆಗೆ ಒರಗಿಸದಿದ್ದರೆ ಬಿದ್ದೇ ಹೋಗುತ್ತದೆ. ಬೆಂಗಳೂರಿನಿಂದ ಬೆಳಕು ಹರಿಯುವ ಮುಂಚೆ ಹೊರಟು, ಸುಮಾರು 65 ಕಿಲೋಮೀಟರ್ ತುಳಿದು ಬಂದ ಸವಾರರದು ಇದು.

ಹೆಲ್ಮೆಟ್ಟು ಕಳಚಿಟ್ಟು ಬೆಂಚಿನ ಮೇಲೆ ಕೂತವರ ಮಾತು ಕಿವಿಗೆ ಬಿದ್ದರೆ ಯಾರೂ ತಬ್ಬಿಬ್ಬಾಗಬೇಕು. ‘ದಾಬಸ್‌ಪೇಟೆ ದಾಟಿದ ಮೇಲೆ ಬಾಂಕ್ ಆಗೋದೆ ಗುರೂ. ಅವನು ಒಂದು ಪುಲ್ಲೂ ಕೊಡ್ಲಿಲ್ಲ. ವೀಲ್ ಸಕ್ ಮಾಡ್ಕೊಂಡೇ ಬಂದು ಕೊನೇಲಿ ಅಟ್ಯಾಕ್ ಮಾಡ್ದ!’ ಎಂಬ ಧಾಟಿಯ ಮಾತು. ಪಕ್ಕದಲ್ಲಿ ಕಾಫಿ ಕುಡಿಯುತ್ತಿರುವ ಹಿರಿಯರು ಯಾರಿಗೋ ಹಾರ್ಟ್ ಅಟ್ಯಾಕ್ ಆಯಿತೆಂದು ತಿಳಿದರೆ ತಪ್ಪು ಅವರದಲ್ಲ. ಇದು ಹೆದ್ದಾರಿ ಸೈಕಲ್ ಸವಾರರ ಪರಿಭಾಷೆ. ಸ್ವಲ್ಪ ಇಂಗ್ಲಿಷು, ಸ್ವಲ್ಪ ಫ್ರೆಂಚು, ಮೇಲೆ ಒಗ್ಗರಣೆಗೆ ಕನ್ನಡ.

ಹಾಗೆ ನೋಡಿದರೆ ಮಾತನ್ನು ಸವೆಸಿ ತನ್ನದಾಗಿಸಿಕೊಳ್ಳುವುದು ಈ ಊರಿಗೆ ಹೊಸತೇನಲ್ಲ. ಕ್ಯಾತ್ಸಂದ್ರದ ‘ಸಂದ್ರ’ ಮೂಲದಲ್ಲಿ ‘ಸಮುದ್ರ’. ದೊಡ್ಡ ಕೆರೆಗಳನ್ನು ಸಮುದ್ರವೆಂದೇ ಕರೆದ ಹಿಂದಿನವರ ಮಾತು, ಜನರ ಬಾಯಲ್ಲಿ ತಿರುಗಿ ತಿರುಗಿ ಸಂದ್ರವಾಯಿತು. ದಾರಿಯಲ್ಲೇ ಸಿಗುವ ದಾಬಸ್‌ಪೇಟೆಯೂ ಅಷ್ಟೆ. ಬ್ರಿಟಿಷ್ ಅಧಿಕಾರಿ ಡಾಬ್ಸ್ ನಮ್ಮವರ ನಾಲಗೆಯಲ್ಲಿ ದಾಬಸ್ ಆಗಿ ಉಳಿದುಬಿಟ್ಟ.

ಗಾಳಿಯ ಲೆಕ್ಕ

ಸವಾರರ ಮಾತಿನ ಅರ್ಧ ಭಾಗ ಗಾಳಿಗೆ ಸಂಬಂಧಿಸಿದ್ದು. ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿತಾಯ. ಇದೇ ‘ಡ್ರಾಫ್ಟಿಂಗ್’. ಕನ್ನಡದಲ್ಲಿ ಗಾಳಿ ಮರೆ ಎನ್ನಬಹುದು. ಒಬ್ಬರ ಹಿಂದೊಬ್ಬರು ಸಾಲು ಕಟ್ಟಿದರೆ ‘ಪೇಸ್‌ಲೈನ್’. ಸಾಲಿನ ಮುಂದೆ ಬಂದು ಗಾಳಿಗೆ ಎದೆಯೊಡ್ಡಿ ಎಳೆಯುವ ಸರದಿಯೇ ‘ಪುಲ್’. ಸಿದ್ಧಗಂಗೆಯ ದನದ ಜಾತ್ರೆ ಕಂಡ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಡಿಯಲ್ಲಿ ಒಂದೆತ್ತು ಹೆಗಲು ಕೊಡದಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಸರದಿ ತಪ್ಪಿಸಿ ಹಿಂದೆಯೇ ನೇತುಬೀಳುವವನು ‘ವೀಲ್ ಸಕ್ಕರ್’. ಇಂಥವನಿಗೆ ಕನ್ನಡದಲ್ಲಿ ಬಾಲಂಗೋಚಿ ಎಂಬ ಇನ್ನೂ ಚಂದದ ಪದ ಮೊದಲೇ ಇದೆ. ಕೊನೆಯ ಏರಿನಲ್ಲಿ ದಿಢೀರನೆ ವೇಗ ಹೆಚ್ಚಿಸಿ ಎಲ್ಲರನ್ನೂ ಬಿಟ್ಟು ನುಗ್ಗುವುದು ‘ಅಟ್ಯಾಕ್’.

ಗಾಳಿಯ ಬೆಲೆ ಚೆನ್ನಾಗಿ ತಿಳಿಯುವುದು ಆಷಾಢದಲ್ಲಿ. ಮುಂಗಾರಿನ ಪಡುವಣ ಗಾಳಿ ಬಯಲುಸೀಮೆಯ ಮೇಲೆ ಬೀಸುವಾಗ ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟವರಿಗೆ ಅದು ಎದುರುಗಾಳಿ. ಹೋಗುವಾಗ ಬೈದವರೇ ಹಿಂತಿರುಗುವಾಗ ಅದನ್ನು ಹೊಗಳುತ್ತಾರೆ.

ಇನ್ನು ‘ಬಾಂಕ್’. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು, ಏನೂ ತಿನ್ನದೆ ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಗಳಲ್ಲಿ ಖಾಲಿಯಾಗತೊಡಗುತ್ತದೆ. ಆಗ ಕಾಲು ಏಳುವುದಿಲ್ಲ, ಕಣ್ಣು ಮಂಜಾಗುತ್ತದೆ, ಬುದ್ಧಿಯೂ ಓಡುವುದಿಲ್ಲ. ಲಾರಿ, ಬಸ್ಸುಗಳ ಹೆದ್ದಾರಿಯಲ್ಲಿ ಬುದ್ಧಿ ಓಡದಿರುವುದು ತಮಾಷೆಯಲ್ಲ. ತಟ್ಟೆಯಗಲದ ಬಿಸಿ ಇಡ್ಲಿ, ಮೇಲೊಂದಿಷ್ಟು ಬೆಣ್ಣೆ, ಚಟ್ನಿ. ಇದರ ಮುಂದೆ ಪೊಟ್ಟಣದಲ್ಲಿ ಬರುವ ‘ಎನರ್ಜಿ ಜೆಲ್’ ಯಾವ ಲೆಕ್ಕ!

ಫ್ರಾನ್ಸಿನಿಂದ ಬಂದ ಪೊರಕೆ ಗಾಡಿ

ಸೈಕಲ್ ಸ್ಪರ್ಧೆಗಳ ತವರು ಫ್ರಾನ್ಸ್. ಆದ್ದರಿಂದ ಪದಗಳೂ ಅಲ್ಲಿಂದಲೇ ಹೊರಟವು. ಸವಾರರ ದೊಡ್ಡ ಗುಂಪು ‘ಪೆಲೊಟನ್’. ನಾಯಕನಿಗಾಗಿ ಗಾಳಿ ಸೀಳುತ್ತಾ, ನೀರು ತಂದುಕೊಡುತ್ತಾ ದುಡಿಯುವವನು ‘ಡೊಮೆಸ್ಟಿಕ್’, ಅಂದರೆ ಮನೆಯಾಳು. ಟೂರ್ ದ ಫ್ರಾನ್ಸ್ ಸ್ಥಾಪಕ ಹೆನ್ರಿ ದೆಗ್ರಾಂಜ್ 1911ರಲ್ಲಿ ಒಬ್ಬ ಸವಾರನನ್ನು ಹೀಗಳೆಯಲು ಆಡಿದ ಮಾತು ಇಂದು ಗೌರವದ ಹುದ್ದೆಯಾಗಿದೆ. ಎಲ್ಲರಿಗಿಂತ ಕೊನೆಯವನು ‘ಲಾಂಟೆರ್ನ್ ರೂಜ್’, ರೈಲಿನ ಕೊನೆಯ ಡಬ್ಬಿಗೆ ತೂಗುಹಾಕುತ್ತಿದ್ದ ಕೆಂಪು ಲಾಂದ್ರ. ಸುಸ್ತಾಗಿ ಕುಸಿದವರನ್ನು ಗುಡಿಸಿ ತುಂಬಿಕೊಳ್ಳುವ ವಾಹನ ‘ಪೊರಕೆ ಗಾಡಿ’. ಅದು ಟೂರ್‌ನಲ್ಲಿ ಕಾಣಿಸಿಕೊಂಡದ್ದು 1910ರಲ್ಲಿ, ಪಿರೆನೀಸ್ ಪರ್ವತಗಳನ್ನು ಹತ್ತಿಸಿದ ವರ್ಷ. ನಮ್ಮಲ್ಲಿ ಅದು ‘ಸ್ಯಾಗ್ ವ್ಯಾನ್’.

‘ಬ್ರೆವೆ’ ಎಂಬುದೂ ಫ್ರೆಂಚು. ಇದು ಪಂದ್ಯವಲ್ಲ, ಗಡುವಿನೊಳಗೆ ದೂರ ಮುಗಿಸುವ ಪರೀಕ್ಷೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರು ‘ಸೂಪರ್ ರಾಂಡೊನ್ಯೂರ್’. ಇವರ ಕಾಶಿಯಾತ್ರೆ ಎಂದರೆ 1891ರಲ್ಲಿ ಆರಂಭವಾದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಸುಮಾರು 1,200 ಕಿ.ಮೀ. ಉದ್ದದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್.

ಕಿವಿಯೇ ಕನ್ನಡಿ

ಇಷ್ಟೆಲ್ಲ ಶೋಕಿಯ ಮಾತು ಎನ್ನುವವರಿದ್ದಾರೆ. ಆದರೆ ಕೆಲವು ಪದಗಳು ಜೀವ ಉಳಿಸುವಂಥವು. ಒತ್ತಾಗಿ ಸಾಗುವ ಸಾಲಿನಲ್ಲಿ ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನಿಗೆ ಬೆನ್ನ ಹಿಂದೆ ಕಾಣುವುದಿಲ್ಲ. ಹಾಗಾಗಿ ಕಿವಿಯೇ ಕನ್ನಡಿ. ಮುಂದಿನವನು ಬೆರಳು ತೋರಿ ‘ಹೋಲ್’ ಎಂದರೆ ಹಳ್ಳವಿದೆ. ಕೈಯನ್ನು ಬೆನ್ನ ಹಿಂದೆ ಬೀಸಿದರೆ, ಬದಿಯಲ್ಲಿ ಏನೋ ಅಡ್ಡವಿದೆ, ಸರಿದುಕೊಳ್ಳಿ ಎಂದು. ‘ಸ್ಲೋಯಿಂಗ್’ ಎಂದರೆ ವೇಗ ತಗ್ಗುತ್ತಿದೆ. ಹಿಂದಿನಿಂದ ‘ಕಾರ್ ಬ್ಯಾಕ್’ ಎಂದು ಕೂಗಿದರೆ ಕಾರು ರಿವರ್ಸ್ ಬರುತ್ತಿದೆಯೆಂದಲ್ಲ, ಹಿಂದೆ ವಾಹನವಿದೆ, ಒಂದೇ ಸಾಲಾಗಿ ಎಂದರ್ಥ! ‘ಓವರ್‌ಲ್ಯಾಪ್’ ಎಂದರೆ ನಿಮ್ಮ ಮುಂಚಕ್ರ ಮುಂದಿನವನ ಹಿಂಚಕ್ರದ ಪಕ್ಕಕ್ಕೆ ಬಂದಿದೆ. ಎರಡೂ ತಾಗಿದರೆ ಬೀಳುವವನು ಸಾಮಾನ್ಯವಾಗಿ ಹಿಂದಿನವನೇ.

ಕಡ ತಂದ ಮಾತು ಕೈಕೊಡುವುದೂ ಉಂಟು. ಅಮೆರಿಕದ ಸವಾರರು ಇನ್ನೊಬ್ಬರನ್ನು ದಾಟುವಾಗ ‘ಆನ್ ಯುವರ್ ಲೆಫ್ಟ್’ ಎಂದು ಕೂಗುತ್ತಾರೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುವುದರಿಂದ ದಾಟುವುದು ಎಡದಿಂದ. ನಮ್ಮಲ್ಲಿ ಎಲ್ಲವೂ ತಿರುಗುಮುರುಗು. ವೀಡಿಯೊ ನೋಡಿ ಕಲಿತವರು ಇಲ್ಲೂ ‘ಲೆಫ್ಟ್’ ಎಂದು ಕೂಗಿ ಬಲದಿಂದ ನುಗ್ಗಿದರೆ, ಅದನ್ನು ನಂಬಿ ಬಲಕ್ಕೆ ಸರಿದವನ ಗತಿಯೇನು? ಅದಕ್ಕಿಂತ ‘ಬಲಕ್ಕೆ ಬಂದೆ’ ಎನ್ನುವುದು ಎಷ್ಟೋ ವಾಸಿ.

ಅದೂ ಅಲ್ಲದೆ ಆ ರಸ್ತೆ ಹೆಲ್ಮೆಟ್ಟಿನವರಿಗೆ ಮಾತ್ರ ಸೇರಿದ್ದಲ್ಲ. ಹುಲ್ಲಿನ ಹೊರೆಯವರು, ಶಾಲೆಯ ಮಕ್ಕಳು, ಪಾಳಿ ಮುಗಿಸಿ ಬರುವ ಕಾರ್ಮಿಕರು, ಎಲ್ಲರೂ ಅದೇ ಅಂಚಿನಲ್ಲಿ ತುಳಿಯುವವರು. 2006-07ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಉಚಿತ ಸೈಕಲ್ ಯೋಜನೆಯಿಂದ ಹಳ್ಳಿಯ ಎಷ್ಟೋ ಮಕ್ಕಳ ಕೈಗೆ, ವಿಶೇಷವಾಗಿ ಹೆಣ್ಣುಮಕ್ಕಳ ಕೈಗೆ, ಹ್ಯಾಂಡಲ್ಲು ಬಂತು. ಅವರಿಗೆ ‘ಕಾರ್ ಬ್ಯಾಕ್’ ತಿಳಿಯದು. ಬೆಲ್ಲಿನ ಟ್ರಿಣ್ ಟ್ರಿಣ್ ತಿಳಿಯುತ್ತದೆ. ಬೆಲ್ಲನ್ನು ಭಾರವೆಂದು ಕಿತ್ತೆಸೆದವರು ಇದನ್ನು ಯೋಚಿಸಬೇಕು.

ನಮ್ಮದೇ ಪದಗಳು

ಕನ್ನಡಕ್ಕೂ ತನ್ನ ಸೈಕಲ್ ಪರಿಭಾಷೆ ಇದೆ. ಸೀಟು ಎಟುಕದ ಹುಡುಗರು ತ್ರಿಕೋನದೊಳಗೆ ಕಾಲು ತೂರಿಸಿ ತುಳಿಯುವುದು ‘ಒಳಪೆಡ್ಲು’. ಸ್ಪೋಕು ‘ಕಡ್ಡಿ’. ಸೊಟ್ಟಗಾದ ರಿಮ್ಮನ್ನು ನೇರ ಮಾಡುವುದು ‘ಬೆಂಡು ತೆಗೆಯುವುದು’. ಇಬ್ಬರು ಕೂತರೆ ‘ಡಬಲ್ಸು’, ಮೂವರಾದರೆ ‘ತ್ರಿಬಲ್ಸು’. ಪೇಚಾಡುವವನನ್ನು ಕಂಡು ‘ಸೈಕಲ್ ಹೊಡೀತಿದಾನೆ’ ಎನ್ನುವ ನಗರದ ಆಡುಮಾತಂತೂ ಸೈಕಲ್ಲನ್ನು ಮುಟ್ಟದವರ ಬಾಯಲ್ಲೂ ಇದೆ.

ದೇವರಾಯನದುರ್ಗದ ಏರು ಹತ್ತುವಾಗ ಎರಡೂ ಭಾಷೆಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ತುಮಕೂರಿನಿಂದ ಸುಮಾರು 15 ಕಿ.ಮೀ. ದೂರದ ಈ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಗೇರಿನ ಸೈಕಲ್ಲಿನವನು ಅತಿ ಹಗುರದ ‘ಗ್ರ್ಯಾನಿ ಗೇರ್’, ಅಂದರೆ ಅಜ್ಜಿ ಗೇರಿಗೆ ಇಳಿಯುತ್ತಾನೆ. ಗೇರಿಲ್ಲದವನು ಸೈಕಲ್ಲಿನಿಂದಲೇ ಇಳಿದು ತಳ್ಳುತ್ತಾನೆ. ಏದುಸಿರು ಇಬ್ಬರದೂ ಒಂದೇ.

ಇಂಥ ಕಡೆ ನೆನಪಿಡಬೇಕಾದ ಪದಗಳು ಎರಡು. ಯಾರನ್ನೂ ಹಿಂದೆ ಬಿಡದೆ ಹೋಗುವ ಸವಾರಿ ‘ನೋ ಡ್ರಾಪ್’. ಎಲ್ಲರಿಗಿಂತ ಹಿಂದೆ ಉಳಿದು, ಪಂಕ್ಚರ್ ಆದವರ, ಸೋತವರ ಜೊತೆ ಬರುವವನು ‘ಸ್ವೀಪ್’. ಕೊನೆಯ ತುತ್ತು ಎಲ್ಲರೂ ಉಂಡ ಮೇಲೆ ಎಂಬ ಮನೆಯೊಡತಿಯಂತೆ ಇವನು. ಹೊಸದಾಗಿ ಗುಂಪು ಸೇರುವವರು ‘ಎಷ್ಟು ಸ್ಪೀಡು?’ ಎಂದು ಕೇಳುವ ಮುಂಚೆ ‘ಸ್ವೀಪ್ ಯಾರು?’ ಎಂದು ಕೇಳುವುದು ಒಳ್ಳೆಯದು.

ಹೋಗುವವರಿಗೆ: ಕ್ಯಾತ್ಸಂದ್ರ ಬೆಂಗಳೂರು-ತುಮಕೂರು ಹೆದ್ದಾರಿಯಲ್ಲೇ ಇದೆ. ರೈಲು ನಿಲ್ದಾಣವೂ ಉಂಟು. ಹತ್ತಿರದ ಸಿದ್ಧಗಂಗಾ ಮಠದಲ್ಲಿ ಬಂದವರಿಗೆ ದಾಸೋಹ. 2019ರಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕರ್ಮಭೂಮಿ ಅದು. ದುರ್ಗದ ದಾರಿಯಲ್ಲಿ ನಾಮದ ಚಿಲುಮೆ ನೋಡಬಹುದು. ಕೋತಿಗಳಿವೆ, ತಿಂಡಿ ಜೋಪಾನ. ಸೈಕಲ್ಲಿನಲ್ಲಿ ಬರುವವರು ಬೆಳಕು ಹರಿಯುವ ಮುಂಚೆ ಹೊರಡುವುದಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಡ್ಡಾಯವೆಂದೇ ತಿಳಿಯಿರಿ. ಎರಡು ಬಾಟಲಿ ನೀರು, ಒಂದು ಹೆಚ್ಚುವರಿ ಟ್ಯೂಬು, ಪುಟ್ಟ ಪಂಪು ಜೊತೆಗಿರಲಿ. ಒಂದು ಬೆಲ್ಲೂ ಇರಲಿ.