ಕುದುರೆಮುಖದ ಕ್ವಾರ್ಟರ್ಸ್

'ಮೀದಿ ಏ ಊರು?' ಎಂದು ಇಬ್ರಾಹಿಂಪಟ್ನಂನ ನೆರೆಯವರು ಕೇಳಿದಾಗ ಆಕೆ ತಡವರಿಸುತ್ತಾಳೆ. ಊರು ಎಂಬ ಪದ ತೆಲುಗಿಗೂ ಕನ್ನಡಕ್ಕೂ ಒಂದೇ. ತೊಡಕು ಪದದ್ದಲ್ಲ. ಆಕೆ ಬೆಳೆದದ್ದು ಕುದುರೆಮುಖದ ಕಂಪನಿ ಕ್ವಾರ್ಟರ್ಸಿನಲ್ಲಿ. ಅಲ್ಲಿ ಅಪ್ಪನ ಕೆಲಸ ಇರುವ ತನಕ ಮಾತ್ರ ಮನೆ.

ಈ ಸಲ ಮಗನಿಗೆ ತೋರಿಸಲೆಂದು ಅಪ್ಪನನ್ನೂ ಕರೆದುಕೊಂಡು ಹೊರಟಳು. ಕಾಡಿನ ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಬರೆದ ಚೀಟಿ ಕೊಟ್ಟರು. "ನಮ್ಮೂರಿಗೆ ವೀಸಾ ಕಣಮ್ಮ" ಎಂದರು, ಇಲ್ಲಿ ಇಪ್ಪತ್ತು ವರ್ಷ ಡಂಪರ್ ಓಡಿಸಿದ ಅಪ್ಪ.

ಇಲ್ಲಿನ ಅದಿರನ್ನು ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಕಂಪನಿ ಹುಟ್ಟಿದ್ದು 1976ರಲ್ಲಿ, ತನ್ನ ಉಕ್ಕಿನ ಕಾರ್ಖಾನೆಗಳಿಗೆಂದು ಇರಾನ್ ಹಣ ಕೊಡಲು ಒಪ್ಪಿದ ಮೇಲೆ. 1979ರ ಕ್ರಾಂತಿಯಲ್ಲಿ ಷಾ ಓಡಿಹೋದರು, ಗಣಿ ಗಿರಾಕಿಯಿಲ್ಲದೆ ಉಳಿಯಿತು! ಬೇರೆಯವರನ್ನು ಹುಡುಕಿ ನಡೆಸಿದರು. ಬೆಟ್ಟವನ್ನು ಹಿಟ್ಟಿನಂತೆ ಅರೆದು, ನೀರು ಕಲಸಿ, ಕಬ್ಬಿಣ ಹೆಚ್ಚಿದ್ದನ್ನು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಮಿಕ್ಕ ಹೂಳು ಲಕ್ಯಾ ಹೊಳೆಗೆ ಕಟ್ಟಿದ ನೂರು ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಸುತ್ತಲ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಗಣಿಯೂ ನಡೆದಿತ್ತು. ಸರ್ಕಾರದ ಎರಡು ಕೈಗಳಿಗೆ ಪರಸ್ಪರ ಪರಿಚಯವಿರಬೇಕೆಂದೇನೂ ಇಲ್ಲ. ಪರಿಸರದವರು ಕೋರ್ಟಿಗೆ ಹೋದರು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು.

ಕ್ವಾರ್ಟರ್ಸಿನ ಸಾಲುಗಳಲ್ಲಿ ಈಗ ಹೆಚ್ಚಿನವು ಖಾಲಿ. ಗೋಡೆಗೆ ಪಾಚಿ, ಮೆಟ್ಟಿಲಿಗೆ ಜರೀಗಿಡ. ತಮ್ಮ ಮನೆ ಯಾವುದೆಂದು ಅಪ್ಪನಿಗೂ ಮಗಳಿಗೂ ವಾದ ಹತ್ತಿತು. ಇಬ್ಬರೂ ಬೇರೆ ಬೇರೆ ಬಾಗಿಲು ತೋರಿಸಿದರು. ಕೊನೆಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ನೋಡಿ ಮಗಳೇ ಗೆದ್ದಳು. ಆ ಕಲ್ಲನ್ನು ಅಮ್ಮ ಹಟ ಹಿಡಿದು ತರಿಸಿದ್ದರು.

"ನಿಲ್ಲಿಸಿದ್ದು ತಪ್ಪಾ ಅಪ್ಪ?" ಎಂದು ಆಕೆ ಇಷ್ಟು ವರ್ಷ ಕೇಳಿರಲಿಲ್ಲ. ಗಣಿ ಉಳಿಸಿ ಎಂದು ಅಪ್ಪ ಧರಣಿ ಕೂತದ್ದು ನೆನಪಿತ್ತು.

"ಮಳೆಗಾಲದಲ್ಲಿ ಭದ್ರೆ ಕೆಂಪಗೆ ಹರಿಯೋಳು. ನೋಡಿಲ್ಲ ಅಂತ ಹೇಳಕ್ಕಾಗಲ್ಲ" ಎಂದರು ಅವರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನಿನ್ನ ಫೀಸು ಅದರಿಂದಲೇ ಬಂತು."

ಹುಡುಗನಿಗೆ ಹೆಚ್ಚು ಹಿಡಿಸಿದ್ದು ದೂರದಿಂದ ಕಂಡ ಲಕ್ಯಾ. ಅವನ ಊರಿನ ಥರ್ಮಲ್ ಸ್ಟೇಷನ್ನಿನ ಬೂದಿಯೂ ಹೀಗೇ ಕೆರೆ ಸೇರುತ್ತದೆ.

"ತಾತಾ, ಇದೂ ಬೂದಿ ಕೆರೆನಾ?"

"ಬೂದಿಯಲ್ಲ ಮರಿ, ಆ ಬೆಟ್ಟದ್ದೇ ಹಿಟ್ಟು" ಎಂದು ತಾತ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡದ ಕಡೆ ಕೈ ತೋರಿಸಿದರು.