ನಲವತ್ಮೂರರ ಹರೆಯ

ಹೊನ್ನಾವರ ಬಳಿಯ ಕಾಸರಕೋಡಿನ ಗಾಳಿಮರಗಳ ಕೆಳಗೆ ಸಂಜೆ ಕೂತವರು ಸಾಮಾನ್ಯವಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಶರಾವತಿಯ ಅಳಿವೆ ಪಕ್ಕದಲ್ಲೇ ಇದೆ. ಸ್ವಚ್ಛ ಕಡಲತೀರಗಳಿಗೆ ಕೊಡುವ ನೀಲಿ ಬಾವುಟ 2020ರಲ್ಲಿ ಸಿಕ್ಕ ದಂಡೆ ಬೇರೆ. ನನಗಂತೂ ಇಲ್ಲಿ ಕೂತರೆ ಟೆನಿಸ್ ಆಟಗಾರ ರೋಹನ್ ಬೋಪಣ್ಣ ನೆನಪಾಗುತ್ತಾರೆ. ಇಲ್ಲಿನ ಟೊಂಕದ ದೋಣಿಗೂ ಟೆನಿಸ್ಸಿಗೂ ಏನು ನಂಟು ಎನ್ನಬೇಡಿ. ನಂಟು ಕಡಲಿನದು. 2021ರಲ್ಲಿ, ತಿಂಗಳುಗಟ್ಟಲೆ ಒಂದೂ ಪಂದ್ಯ ಗೆಲ್ಲದೆ, ಪೋರ್ಚುಗಲ್ಲಿನ ಎಸ್ಟೊರಿಲ್‌ನಲ್ಲಿ ಅವರೂ ಹೀಗೇ ಕಡಲಿಗೆ ಮುಖಮಾಡಿ ಕೂತಿದ್ದರು. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು. ತನಗೆ ಈ ಅಲೆದಾಟ ಯಾಕೆ ಎಂಬ ಯೋಚನೆ. ಆಟ ಬಿಡುತ್ತೇನೆಂದು ಹೆಂಡತಿಗೆ ವೀಡಿಯೊ ಕಳಿಸಿದ್ದೂ ಉಂಟು.

ಬಿಡಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಕೊಡಗಿನ ಹುಡುಗ, ಸರ್ವ್ ಬಲವಾಗಲೆಂದು ಸೌದೆ ಒಡೆದವನು, ದಮ್ಮು ಬರಲೆಂದು ಕಾಫಿತೋಟದಲ್ಲಿ ಓಡಿದವನು. 2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್. ಬ್ರಯನ್ ಸಹೋದರರ ಎದುರು ಸೋಲು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ನಾಲ್ಕನೇ ಸ್ಥಾನ, ಪದಕದ ಬಾಗಿಲಿಗೇ ಹೋಗಿ ಬಂದದ್ದು. ಮರುವರ್ಷ ಕೆನಡಾದ ಗೇಬ್ರಿಯೆಲಾ ದಬ್ರೊವ್‌ಸ್ಕಿ ಜೊತೆ ಪ್ಯಾರಿಸ್ಸಿನ ಫ್ರೆಂಚ್ ಓಪನ್‌ನಲ್ಲಿ ಮಿಶ್ರ ಡಬಲ್ಸ್ ಕಿರೀಟ. ಇಷ್ಟೇ ಸಾಕೆನ್ನುವವರೇ ಹೆಚ್ಚು.

ಆದರೆ ಅವರು ಬಿಡಲಿಲ್ಲ. ಮೊಣಕಾಲುಗಳ ಮೃದ್ವಸ್ಥಿ ಸವೆದು ಹೋಗಿತ್ತು. ಆಗ ಹಿಡಿದದ್ದು ಅಯ್ಯಂಗಾರ್ ಯೋಗ. ಇಪ್ಪತ್ತರ ಹುಡುಗರು ಜಿಮ್ಮಿನಲ್ಲಿ ಕಬ್ಬಿಣ ಎತ್ತುವಾಗ ಈತ ಹಗ್ಗ, ಬೆಲ್ಟು, ದಿಂಬು ಹಿಡಿದು ಆಸನ ಹಾಕುವುದನ್ನು ಊಹಿಸಿಕೊಂಡರೆ ನನಗೆ ನಗು ಬರುತ್ತದೆ, ಗೌರವದ ನಗು. ಡಬಲ್ಸ್ ಎಂದರೆ ದೋಣಿಯ ಇಬ್ಬರು ಹುಟ್ಟುಗಾರರ ಕೆಲಸ: ಒಬ್ಬ ಎಳೆದಷ್ಟೇ ಇನ್ನೊಬ್ಬನೂ ಎಳೆಯಬೇಕು, ಇಲ್ಲದಿದ್ದರೆ ಸುತ್ತುವುದೇ. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಸಿಕ್ಕಿದ ಮೇಲೆ ಆ ಲಯ ಕೂಡಿಬಂತು. 2024ರ ಜನವರಿಯಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಇಟಲಿಯ ಬೊಲೆಲ್ಲಿ, ವವಸ್ಸೋರಿ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದಾಗ ಬೋಪಣ್ಣನಿಗೆ 43. ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾಂಡ್‌ಸ್ಲಾಮ್. ಜೊತೆಗೆ ಡಬಲ್ಸ್‌ನ ವಿಶ್ವ ನಂಬರ್ ಒನ್ ಪಟ್ಟವೂ ಬಂತು; ಅಷ್ಟು ವಯಸ್ಸಿಗೆ ಮೊದಲ ಸಲ ಆ ಪಟ್ಟ ಏರಿದವರು ಬೇರೆ ಯಾರೂ ಇಲ್ಲ. ನಮ್ಮ ಸರ್ಕಾರಿ ನೌಕರರು ನಿವೃತ್ತಿಗೆ ಉಳಿದ ವರ್ಷಗಳನ್ನು ಬೆರಳಲ್ಲಿ ಎಣಿಸತೊಡಗುವ ವಯಸ್ಸು ಅದು.

2025ರ ನವೆಂಬರ್‌ನಲ್ಲಿ ವಿದಾಯ ಹೇಳಿದರು. ಕೊನೆಯ ಪಂದ್ಯ ಪ್ಯಾರಿಸ್ಸಿನಲ್ಲಿ, ಅಲೆಕ್ಸಾಂಡರ್ ಬುಬ್ಲಿಕ್ ಜೊತೆ ಆಡಿದ್ದು, ಸೋಲಿನಲ್ಲೇ ಮುಗಿಯಿತು. ಅವರ ಹೆಸರಿನ ಕಾಫಿಪುಡಿಯೂ ಮಾರಾಟದಲ್ಲಿದೆ. ಚಾ ಬಿಟ್ಟು ಬೇರೆ ಮುಟ್ಟದ ನಮ್ಮೂರಿನವನಾದ ನಾನು ಈ ಒಬ್ಬರಿಗಾಗಿ ನೇಮ ಮುರಿಯಲು ತಯಾರು.