ಮನೆಯ ಮಗ್ಗುಲಿನ ಯಾತ್ರೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಊರುಕೇರಿಗಳ ವಿಷಯದಲ್ಲಿಯೂ ಸತ್ಯವಾದುದು. ಕಾಶಿ ರಾಮೇಶ್ವರಗಳನ್ನು ಎರಡೆರಡು ಸಲ ಕಂಡು ಬಂದ ಗೃಹಸ್ಥರು ನಮ್ಮ ಬೀದಿಯಲ್ಲಿ ಹಲವರಿರುವರು. ಸಿಂಗಪುರದ ಹೂದೋಟಗಳನ್ನು ಬಣ್ಣಿಸುವವರಿಗೂ ಕೊರತೆಯಿಲ್ಲ. ಆದರೆ ಮನೆಯಿಂದ ಮೈಲಿಯೊಳಗಿರುವ ದೊಡ್ಡ ಬಸವನ ಸನ್ನಿಧಿಗೆ ಹೋಗಿ ಎಷ್ಟು ವರ್ಷಗಳಾದುವೆಂದು ಕೇಳಿದರೆ, ಇವರೆಲ್ಲರೂ ಬೆರಳು ಮಡಚಿ ಎಣಿಸತೊಡಗುವರು. ದೂರದ ಕ್ಷೇತ್ರಕ್ಕೆ ಹೋಗಲು ರಜೆ, ಹಣ, ದೇಹಬಲ ಮೂರೂ ಬೇಕು. ಸಮೀಪದ ಕ್ಷೇತ್ರಕ್ಕೆ ಬೇಕಾದುದು ಮನಸ್ಸೊಂದೇ. ಅದು ಒದಗುವುದೇ ದುರ್ಲಭ.

ನಾವು ವಾಸಿಸುವ ತ್ಯಾಗರಾಜನಗರವು ಬೆಂಗಳೂರಿನ ಬಸವನಗುಡಿಗೆ ಅಂಟಿಕೊಂಡಿರುವ ಬಡಾವಣೆ. ಹೆಸರು ಕೇಳಿದೊಡನೆ ಸಂಗೀತವು ನೆನಪಿಗೆ ಬರುವುದಾದರೂ, ಈಗ ಕಿವಿಗೆ ಬೀಳುವುದು ವಾಹನಗಳ ನಾದವೇ ಹೆಚ್ಚು. ಹೀಗಿದ್ದರೂ ಇಲ್ಲಿಂದ ಎರಡು ಮೈಲಿಯ ಸುತ್ತಳತೆಯಲ್ಲಿ ನೋಡತಕ್ಕುದೂ, ತಿನ್ನತಕ್ಕುದೂ, ಕೊಳ್ಳತಕ್ಕುದೂ ಇಷ್ಟೊಂದು ಕೂಡಿರುವ ಸ್ಥಳವು ಈ ಮಹಾನಗರದಲ್ಲಿ ವಿರಳ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲಿ ಜನರು ಸತ್ತಾಗ, ಗಾಳಿ ಬೆಳಕು ಬರುವ ವಿಶಾಲವಾದ ಬೀದಿಗಳ ಹೊಸ ಬಡಾವಣೆಗಳಾಗಿ ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದುವು. ಒಂದು ವ್ಯಾಧಿಯ ಭಯದಿಂದ ಈ ಸಾಲುಮರದ ಬೀದಿಗಳು ನಮಗೆ ದೊರೆತುವೆಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ಯುಕ್ತ.

ಹೋದ ಧನುರ್ಮಾಸದಲ್ಲಿ ನಮ್ಮ ಮಗಳು ಪುಣೆಯಿಂದ ತನ್ನ ಇಬ್ಬರು ಮಕ್ಕಳೊಡನೆ ಬಂದಿದ್ದಳು. ಹುಡುಗಿಗೆ ಹನ್ನೊಂದು, ಹುಡುಗನಿಗೆ ಏಳು ವರ್ಷ. ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ನಿರರ್ಗಳವಾಗಿ ಹರಟುವ ಈ ಮಕ್ಕಳ ಕನ್ನಡವು ಮಾತ್ರ ಕುಂಟುತ್ತ ನಡೆಯುತ್ತಿತ್ತು. ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ನಮ್ಮ ಮಾತೃಶ್ರೀಯವರು ಇರುವರು. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮುತ್ತಜ್ಜಿಗೂ ಮರಿಮಕ್ಕಳಿಗೂ ನಡುವೆ ನಗೆಯ ವಿನಿಮಯವಿತ್ತೇ ಹೊರತು ಮಾತಿನ ವಿನಿಮಯವಿರಲಿಲ್ಲ. ಇದರ ಮೇಲೆ ಅಮ್ಮನ ಕಣ್ಣುಗಳಿಗೆ ಗ್ಲೌಕೋಮಾ ಎಂಬ ವ್ಯಾಧಿಯು ಹಿಡಿದಿರುವುದು. ಈ ರೋಗದಲ್ಲಿ ನೋಟದ ಅಂಚುಗಳು ಮೊದಲು ಅಳಿಸಿಹೋಗುತ್ತ ಬಂದು, ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ನಡುವಣ ಭಾಗವು ಮಾತ್ರ ಉಳಿಯುವುದು. ಹೋದ ದೃಷ್ಟಿ ಮರಳಿ ಬಾರದು. ಔಷಧದಿಂದ ಉಳಿದುದನ್ನು ಕಾಪಾಡಿಕೊಳ್ಳಬಹುದಷ್ಟೆ. ಒಂದು ರಾತ್ರಿ ಅಮ್ಮನವರು, “ಇರುವ ಬೆಳಕು ಆರುವುದರೊಳಗಾಗಿ ಬಸವಣ್ಣನನ್ನು ಇನ್ನೊಂದು ಸಲ ನೋಡಬೇಕಪ್ಪ” ಎಂದರು. ಮರುದಿನವೇ ಎಲ್ಲರೂ ಕೂಡಿ ಹೋಗುವುದೆಂದು ನಿಶ್ಚಯವಾಯಿತು.

ಮುಂಜಾನೆ ಆರೂವರೆಗೆ ಎರಡು ಆಟೋಗಳಲ್ಲಿ ಹೊರಟೆವು. ಧನುರ್ಮಾಸದ ಚಳಿ, ಮಕ್ಕಳು ಬಾಯಿಂದ ಹೊಗೆ ಬಿಡುತ್ತ ನಲಿದರು. ದೊಡ್ಡ ಬಸವನ ಗುಡಿಯನ್ನು ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರೆಂಬುದು ಪ್ರಸಿದ್ಧಿ. ಒಂದೇ ಬಂಡೆಯಲ್ಲಿ ಕಡೆದ ನಂದಿಯು ಸುಮಾರು ಹದಿನೈದು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದ. ಎಣ್ಣೆಯ ಲೇಪನದಿಂದ ಕಾರ್ಮುಗಿಲಿನಂತೆ ಮಿರುಗುವುದು. ಇಷ್ಟು ದೊಡ್ಡ ವಿಗ್ರಹವು ಅಮ್ಮನ ಕುಗ್ಗಿದ ನೋಟದೊಳಗೆ ಒಮ್ಮೆಗೇ ಹಿಡಿಸಲಿಲ್ಲ. “ಕೊಂಬು ಕಂಡರೆ ಕಾಲು ಕಾಣದು, ಕಾಲು ಕಂಡರೆ ಮುಖ ಕಾಣದು” ಎಂದು ಅವರು ನಿಡುಸುಯ್ದರು.

ಆಗ ಹುಡುಗನು ಯಾರೂ ಹೇಳದೆಯೇ ಅವರ ಕೈ ಹಿಡಿದುಕೊಂಡನು. “ಮುತ್ತಜ್ಜಿ, ನಾನು ಹೇಳ್ತೀನಿ. ಬಸವ ಕೂತಿದೆ. ಕಾಲು ಹೀಗೆ ಒಳಗೆ. ಇಲ್ಲಿ ಕುತ್ತಿಗೆ ಕೆಳಗೆ ಸೀರೆ ಹಾಗೆ ಇದೆ.” “ಅದಕ್ಕೆ ಗಂಗೆದೊಗಲು ಅಂತಾರೆ, ಮಗು.” “ಮೇಲೆ ಗುಡ್ಡದ ಹಾಗೆ ಇದೆ.” “ಅದು ಹಿಣಿಲು.” “ಕಾಲಿನ ತುದಿಗೆ?” “ಗೊರಸು.” ಹೀಗೆ ಬಸವನನ್ನು ಬಲವಂದು ಮುಗಿಸುವುದರೊಳಗೆ ಮುತ್ತಜ್ಜಿಗೆ ಪೂರ್ಣ ದರ್ಶನವಾಯಿತು, ಮಗುವಿಗೆ ಹತ್ತಾರು ಮಾತುಗಳು ಬಂದುವು. ಸಂಸ್ಕೃತಪಾಠ ಹೇಳುತ್ತ ಮೂವತ್ತು ವರ್ಷ ಕಳೆದ ನಾವು, ಶಬ್ದವು ಅರ್ಥವನ್ನು ಬಿಟ್ಟಿರಲಾರದೆಂದು ಎಷ್ಟೋ ಸಲ ಬೋಧಿಸಿದ್ದುಂಟು. ಆ ಮಾತಿನ ನಿಜವಾದ ಉದಾಹರಣೆಯನ್ನು ಅಂದು ಕಣ್ಣಾರೆ ಕಂಡೆವು.

ಈ ಗುಡಿಯ ಕಥೆಯು ಮಕ್ಕಳಿಗೆ ಪ್ರಿಯವಾಗತಕ್ಕದ್ದು. ಸುಂಕೇನಹಳ್ಳಿಯ ಸುತ್ತಿನ ರೈತರ ಕಡಲೆಕಾಯಿಯನ್ನು ಒಂದು ಗೂಳಿಯು ದಿನವೂ ಮೇದುಬಿಡುತ್ತಿತ್ತಂತೆ. ರೈತನು ದೊಣ್ಣೆಯಿಂದ ಹೊಡೆಯಲು ಅದು ಕಲ್ಲಾಗಿ ಕೂತು, ಕಲ್ಲಾದರೂ ಬೆಳೆಯುತ್ತಲೇ ಹೋಯಿತಂತೆ. ನೆತ್ತಿಯ ಮೇಲೆ ತ್ರಿಶೂಲವನ್ನು ನೆಟ್ಟ ಮೇಲೆ ಬೆಳೆಯುವುದು ನಿಂತಿತಂತೆ. ಇದರ ನೆನಪಿಗಾಗಿಯೇ ಕಾರ್ತಿಕಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯು ನೆರೆಯುವುದು. ಕಡಲೆಕಾಯಿಯು ದಕ್ಷಿಣ ಅಮೆರಿಕದಿಂದ ಪಾಶ್ಚಾತ್ಯರ ಹಡಗುಗಳ ಕಾಲದಲ್ಲಿ ನಮ್ಮ ಕಡೆಗೆ ಬಂದ ಬೆಳೆ. ಆದುದರಿಂದ ಕಥೆಯು ಪುರಾಣದಷ್ಟು ಹಳೆಯದಾಗಿರಲಾರದೆಂದು ನಮ್ಮ ಮೊಮ್ಮಗಳು ತರ್ಕಿಸಿದಳು. ಮಕ್ಕಳು ಹೀಗೆ ಪ್ರಶ್ನಿಸಬೇಕಾದುದೇ. ಬಸವನ ಪಾದದಲ್ಲಿ ವೃಷಭಾವತಿಯು ಹುಟ್ಟುವಳೆಂಬ ಪ್ರತೀತಿಯನ್ನೂ ಹೇಳಿದೆವು. “ಈಗ ನದಿ ಎಲ್ಲಿ?” ಎಂದು ಕೇಳಿದಳು. ನಗರದ ಕೊಳಚೆಯನ್ನು ಹೊತ್ತು ಅರ್ಕಾವತಿಯ ಕಡೆಗೆ ಹರಿಯುತ್ತಿರುವಳೆಂದು ಹೇಳುವಾಗ, ದೇವರ ಪಾದದಲ್ಲಿ ಹುಟ್ಟಿದವಳಿಗೆ ನಾವು ಮಾಡಿರುವ ಪೂಜೆ ಇದೇ ಎಂದು ನಾಚಿಕೆಯಾಯಿತು.

ಗುಡ್ಡದ ಬುಡದಲ್ಲಿಯೇ ದೊಡ್ಡ ಗಣಪತಿಯ ದೇವಾಲಯ. ಸುಮಾರು ಹದಿನೆಂಟು ಅಡಿಯ ಏಕಶಿಲಾಮೂರ್ತಿ. ದರ್ಶನ ಮಾಡಿ, ಧನುರ್ಮಾಸದ ಬಿಸಿ ಹುಗ್ಗಿಯ ಪ್ರಸಾದವನ್ನು ದೊನ್ನೆಯಲ್ಲಿ ಪಡೆದೆವು. ಮೆಣಸು ಶುಂಠಿಗಳ ಖಾರಕ್ಕೆ ಹುಡುಗನ ಕಣ್ಣಲ್ಲಿ ನೀರು ಬಂದರೂ ದೊನ್ನೆಯು ಬರಿದಾಯಿತು.

ಅಲ್ಲಿಂದ ಗಾಂಧಿಬಜಾರಿಗೆ. ಪ್ರಸಾದದಿಂದ ಹಸಿವು ಕೆರಳುವುದೇ ವಿನಾ ಅಡಗುವುದಿಲ್ಲವಷ್ಟೆ! 1943ರಲ್ಲಿ ವಿದ್ಯಾರ್ಥಿಗಳಿಗಾಗಿ ಪುಟ್ಟದಾಗಿ ಆರಂಭವಾಗಿ, ಆ ಹೆಸರನ್ನೇ ಉಳಿಸಿಕೊಂಡಿರುವ ವಿದ್ಯಾರ್ಥಿ ಭವನದ ಮುಂದೆ ಅರ್ಧ ಗಂಟೆ ಕಾದೆವು. ವೃದ್ಧರನ್ನು ಕಂಡು ಒಬ್ಬ ತರುಣನು ತನ್ನ ಸರದಿಯನ್ನು ಬಿಟ್ಟುಕೊಟ್ಟನು. ಒಳಗೆ ಗೋಡೆಗಳ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು; ಕೆಳಗೆ ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆಗಳನ್ನು ಗೋಪುರದಂತೆ ಏರಿಸಿ ತರುವ ಮಾಣಿಗಳು. ಮಸಾಲೆದೋಸೆಯ ಹೊರಮೈ ಕೆಂಪಗೆ ಗರಿಗರಿ, ಒಳಗೆ ಮೃದು, ಮೇಲೆ ತುಪ್ಪ. ಜೊತೆಗೆ ತೆಳುವಾದ ಕಾಯಿಚಟ್ನಿ. “ದೋಸೆಯನ್ನು ನೋಡುವುದಕ್ಕೆ ಕಣ್ಣು ಬೇಡ, ಸದ್ದು ಸಾಕು” ಎಂದು ಅಮ್ಮನವರು ತುಂಡು ಮುರಿದರು. ಕಾಫಿಯನ್ನು ನಮ್ಮ ಗೃಹಿಣಿಯೂ ಮೆಚ್ಚಿದಳೆಂದ ಮೇಲೆ ಬೇರೆ ಪ್ರಮಾಣವು ಬೇಡ.

ಆ ಬಳಿಕ ವ್ಯಾಪಾರ. ಗಾಂಧಿಬಜಾರಿನಲ್ಲಿ ಸೇವಂತಿಗೆ, ಕನಕಾಂಬರ, ಮರುಗಗಳ ರಾಶಿಯ ಪಕ್ಕದಲ್ಲಿಯೇ ಬಾಳೆಲೆಯ ಕಂತೆ, ವೀಳ್ಯದೆಲೆಯ ಕಟ್ಟು, ಗ್ರಂಧಿಗೆ ಅಂಗಡಿಯ ಅರಿಸಿನ ಕುಂಕುಮ. ಚಳಿಗಾಲವಾದುದರಿಂದ ಎಲ್ಲಕ್ಕೂ ಮೇಲಾಗಿ ಅವರೆಕಾಯಿಯ ಸೊಗಡು. ಇಲ್ಲಿ ಅಮ್ಮನವರೇ ಯಜಮಾನಿತಿಯಾದರು. ರಾಶಿಯ ಮುಂದೆ ಮಣೆಯ ಮೇಲೆ ಕುಳಿತು, ಒಂದೊಂದು ಕಾಯಿಯನ್ನೂ ಬೆರಳಿನಿಂದ ಒತ್ತಿ, ಮೂಗಿಗೆ ಹಿಡಿದು, “ಇದು ಬಲಿತಿದೆ, ಇದು ಇನ್ನೂ ಎಳಸು, ಇದರಲ್ಲಿ ಹುಳುವಿದೆ” ಎಂದು ವಿಂಗಡಿಸುತ್ತ ಬಂದರು. ಮೊಮ್ಮಗಳು ಪರೀಕ್ಷೆಗೆಂದು ಹುಳು ಇದೆಯೆಂದ ಕಾಯನ್ನು ಬಿಡಿಸಿದಳು, ಹುಳುವು ಹೊರಬಂದಿತು. ಅಂಗಡಿಯಾಕೆಯು ನಕ್ಕು, “ಅಜ್ಜಿ, ನೀವು ದಿನಾ ಬಂದರೆ ನಾನು ಬಾಗಿಲು ಹಾಕಬೇಕಾಗುತ್ತೆ” ಎಂದು ಒಂದು ಹಿಡಿ ಹೆಚ್ಚಾಗಿಯೇ ಹಾಕಿದಳು. ಮೂರು ಕಿಲೋ ಅವರೆಕಾಯಿ, ಎರಡು ಮಾರು ಹೂವು, ಅಚ್ಚುಬೆಲ್ಲ, ಮಕ್ಕಳಿಗೆ ಒಂದು ಬುಗುರಿ ಮತ್ತು ಕನ್ನಡದ ವರ್ಣಮಾಲೆಯ ಪುಸ್ತಕ: ಇಷ್ಟು ನಮ್ಮ ಖರೀದಿ. ಪುಸ್ತಕವನ್ನು ಆರಿಸಿದವನು ಹುಡುಗನೇ.

ಮಧ್ಯಾಹ್ನ ಮನೆಯಲ್ಲಿ ವಿಶ್ರಾಂತಿ. ವೃದ್ಧರೂ ಮಕ್ಕಳೂ ಕೂಡಿದ ಯಾತ್ರೆಯಲ್ಲಿ ಇದನ್ನು ಬಿಡಬಾರದು. ನಾಲ್ಕು ಗಂಟೆಗೆ ಲಾಲ್‌ಬಾಗು. 1760ರಲ್ಲಿ ಹೈದರಾಲಿಯು ತೊಡಗಿ, ಟಿಪ್ಪುವು ಬೆಳೆಸಿದ ಈ ತೋಟವು ಈಗ 240 ಎಕರೆಗಳಷ್ಟಿರುವುದು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನು ಬ್ಯಾಟರಿಯ ಗಾಡಿಯಲ್ಲಿ ಕುಳಿತೇ ನೋಡಿದೆವು. ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಅಮ್ಮನವರು ಹತ್ತಲಾರರು. ಮಗಳೊಡನೆ ಅವರನ್ನು ಕೆಳಗೆ ಕೂರಿಸಿ, ಮಕ್ಕಳನ್ನು ಕರೆದುಕೊಂಡು ನಾವು ಏರಿದೆವು. ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಗಣಿಸಿರುವರು. ಕೆಳಗಿಳಿದವನೇ ಹುಡುಗನು ಓಡಿಹೋಗಿ ಕಂಡುದೆಲ್ಲವನ್ನೂ ವರದಿ ಮಾಡಿದನು: ಗೋಪುರ, ಕೆರೆ, ಎತ್ತರದ ಮನೆಗಳು, ಬಂಡೆಯ ವಯಸ್ಸು. “ಹಾಗಾದರೆ ನಾನಿನ್ನೂ ಕೂಸೇ” ಎಂದು ಅಮ್ಮನವರು ಅವನ ತಲೆ ಸವರಿದರು.

ಗೃಹಸ್ಥರಾದ ವಾಚಕರು ಇಂತಹ ಒಂದು ದಿನವನ್ನು ತಮ್ಮ ಊರಿನಲ್ಲಿಯೇ ಏರ್ಪಡಿಸಿಕೊಳ್ಳಬಹುದು. ಬೆಂಗಳೂರಿನವರು ಶುಕ್ರವಾರವನ್ನು ಬಿಡುವುದೊಳ್ಳೆಯದು. ಅಂದು ವಿದ್ಯಾರ್ಥಿ ಭವನಕ್ಕೆ ರಜೆ. ಮುಂಜಾನೆಯೇ ಹೊರಡಬೇಕು, ನೋಡುವ ಸ್ಥಳಗಳು ಮೂರಕ್ಕೆ ಮೀರಬಾರದು, ಮನೆಯ ಹಿರಿಯರ ನಡಿಗೆಯ ವೇಗವೇ ಎಲ್ಲರ ವೇಗವಾಗಬೇಕು. ಮುಖ್ಯವಾಗಿ, ಹಿರಿಯರ ಕೈ ಹಿಡಿಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬೇಕು. ದೊಡ್ಡವರು ಹಿಡಿದರೆ ಅದು ಆಸರೆ ಮಾತ್ರ. ಮಕ್ಕಳು ಹಿಡಿದರೆ ಒಬ್ಬರ ನೋಟವು ಇನ್ನೊಬ್ಬರಿಗೆ, ಇನ್ನೊಬ್ಬರ ಮಾತು ಇವರಿಗೆ ಸಲ್ಲುವುದು. ಬಸವನೂ ಬಂಡೆಯೂ ಇನ್ನೆಷ್ಟೋ ಕಾಲ ಇರತಕ್ಕವು. ಅವನ್ನು ಜೊತೆಗೂಡಿ ನೋಡತಕ್ಕ ನಮಗೆ ಮಾತ್ರ ಕಾಲವು ಅಳತೆಯದು.